ಎರಡರ ಮೇಲೊಂದು ಗೆರೆ

ಕೀವು ನನಗೆ ಅಸಹ್ಯವಲ್ಲ. ಹದಿನಾರು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ಕೀವು, ರಕ್ತ, ವಾಂತಿ ಎಲ್ಲ ಒರೆಸಿ, ಕೈ ತೊಳೆದುಕೊಂಡು ಬಂದು ನೆಮ್ಮದಿಯಾಗಿ ಮುದ್ದೆ ನುಂಗಿದವಳು ನಾನು. ಮೈಯಿಂದ ಬರುವ ಹೊಲಸಿಗೆ ಮೈ ತಾನೇ ಏನು ಮಾಡೀತು? ನನಗೆ ಹೊಟ್ಟೆ ತೊಳಸುವುದು ಬೇರೆಯದಕ್ಕೆ. ಇಸ್ತ್ರಿ ಅಂಗಿ ಹಾಕಿಕೊಂಡು, ಸೆಂಟು ಬಳಿದುಕೊಂಡು, ತಣ್ಣಗೆ ಸುಳ್ಳು ಹೇಳುವ ಬಾಯಿಗಳಿವೆಯಲ್ಲ, ಅವಕ್ಕೆ. ಸುಳ್ಳು ಕೇಳಿಸಿಕೊಂಡು ಮುಚ್ಚಿಕೊಂಡಿರುವ ಬಾಯಿಗಳೂ ಅಷ್ಟೇ. ಆ ಸಾಲಿನಲ್ಲಿ ನನ್ನದೂ ಇದೆ.

ನಾನು ಹೇಳಹೊರಟಿರುವುದು ರೇವಣಸಿದ್ದಯ್ಯನವರ ವಿಷಯ. ತುಮಕೂರಿನ ಸದಾಶಿವನಗರದ ಒಂದು ನರ್ಸಿಂಗ್ ಹೋಮಿನ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತಮೂರು ವರ್ಷ ಅಟೆಂಡರ್ ಆಗಿದ್ದವರು. ನರ್ಸಿಂಗ್ ಹೋಮಿನ ಹೆಸರು ಬೇಡ, ಎತ್ತಿದರೆ ನನ್ನ ನಾಲಿಗೆ ಕಹಿಯಾಗುತ್ತದೆ. ನಾನೂ ಅಲ್ಲೇ ಇದ್ದೆ, ದಿನಾ ಕುಣಿಗಲ್ಲಿನಿಂದ ಬಸ್ಸು ಹಿಡಿದು ಹೋಗಿ ಬಂದು ಮಾಡುತ್ತಿದ್ದೆ. ಎಲ್ಲರೂ ಅವರನ್ನು ಸಿದ್ದಯ್ಯಣ್ಣ ಅನ್ನುತ್ತಿದ್ದರು. ಬೆನ್ನ ಹಿಂದೆ ‘ಡೆಟಾಲ್ ಅಯ್ಯ’ ಅನ್ನುತ್ತಿದ್ದರು.

ಹೆಸರು ಸುಮ್ಮನೆ ಬಂದದ್ದಲ್ಲ. ಹಣೆಗೆ ಮೂರು ಪಟ್ಟೆ ವಿಭೂತಿ, ಕೈಯಲ್ಲಿ ಒಂದು ಬಟ್ಟೆ ಚೀಲ, ಚೀಲದಲ್ಲಿ ಬಿಳಿ ಪಂಚೆತುಂಡಿನಲ್ಲಿ ಸುತ್ತಿದ ಸ್ಟೀಲ್ ಲೋಟ. ಎಲ್ಲಿ ಹೋದರೂ ಆ ಲೋಟ ಜೊತೆಗೆ. ನಾವು ಕ್ಯಾಂಟೀನಿನ ಗಾಜಿನ ಲೋಟದಲ್ಲಿ ಟೀ ಕುಡಿಯುವುದನ್ನು ಕಂಡರೆ ಅವರ ಮುಖ ಹಾಗಲಕಾಯಿ ತಿಂದವರ ಹಾಗೆ ಕಿವುಚಿಕೊಳ್ಳುತ್ತಿತ್ತು. ನೀರನ್ನು ಎತ್ತಿ ಕುಡಿಯುವುದೇ ಹೊರತು ಲೋಟ ಕಚ್ಚಿ ಕುಡಿದದ್ದನ್ನು ನಾನು ಕಂಡಿರಲಿಲ್ಲ. ಬಾಗಿಲಿನ ಹಿಡಿಯನ್ನು ಮೊಣಕೈಯಿಂದ ಒತ್ತುವರು. ಮದುವೆ ಮನೆಗೆ ಹೋದರೆ ಅಕ್ಷತೆ ಹಾಕಿ ಓಡಿ ಬರುವರು, ಊಟಕ್ಕೆ ಕೂರುವ ಮಾತೇ ಇಲ್ಲ. ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆಯುತ್ತಾರೆಂದು ಅವರ ಹೆಂಡತಿ ಕಲ್ಲಮ್ಮ ಒಮ್ಮೆ ನನ್ನ ಹತ್ತಿರ ಗೋಳು ಹೇಳಿಕೊಂಡಿದ್ದರು. "ನನ್ನೂ ತೊಳ್ದು ಒಣಗ್ ಹಾಕ್ಬುಡ್ತಾರೆ ಕಣ್ ಸಿಸ್ಟರ್, ನಾನೇ ತಪ್ಪಿಸ್ಕೊಂಡ್ ಓಡಾಡ್ತೀನಿ," ಅಂದು ನಕ್ಕಿದ್ದರು.

ಈ ಹೇಸಿಗೆ ಎಲ್ಲಿಂದ ಅಂಟಿತು ಅಂತ ಒಂದು ಮಧ್ಯಾಹ್ನ ಕೇಳಿದೆ. ಕ್ಯಾತ್ಸಂದ್ರದ ಹೆದ್ದಾರಿ ಪಕ್ಕದ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುವುದೇ ಅವರ ಮೊದಲ ಕೆಲಸವಂತೆ.

"ಒಂದೇ ಬಕೆಟ್ ನೀರು ಸಿಸ್ಟರ್, ನೂರು ತಟ್ಟೆ," ಅಂದರು. "ಮೊದಲ್ನೇ ತಟ್ಟೆ ಅದ್ದಿದಾಗ ನೀರು. ಐವತ್ತನೇದ್ ಅದ್ದೋ ಹೊತ್ಗೆ ಅದು ನೀರಲ್ಲ, ಎಲ್ಲಾರ್ ಎಂಜ್ಲು. ಆ ತಟ್ಟೇನೇ ಒರ್ಸಿ ಇಡ್ಲಿ ಹಾಕ್ ಕೊಡೋರು. ಜನ ಚಪ್ಪರಿಸ್ಕೊಂಡ್ ತಿನ್ನೋರು. ನಾನ್ ಹಿಂದೆ ಹೋಗಿ ವಾಂತಿ ಮಾಡ್ಕಂಡು ಬರ್ತಿದ್ದೆ."

ಇಂಥ ಮನುಷ್ಯನಿಗೆ ಆಪರೇಷನ್ ಥಿಯೇಟರಿನಲ್ಲಿ ಸಾಮಾನು ತೊಳೆಯುವ ಕೆಲಸ ಸಿಕ್ಕಿದ್ದು ನಿಜವಾಗಿ ನಮ್ಮ ಪುಣ್ಯ. ಕತ್ತರಿ, ಚಿಮಟ, ಟ್ರೇ ಯಾವುದನ್ನು ಎತ್ತಿ ನೋಡಿದರೂ ಮುಖ ಕಾಣುತ್ತಿತ್ತು. ಹಬೆಯಲ್ಲಿ ಬೇಯಿಸುವ ಆಟೋಕ್ಲೇವಿಗೆ ಅವರು ಕುಕ್ಕರ್ ಅನ್ನುತ್ತಿದ್ದರು. ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು ಗಡಿಯಾರ ನೋಡುವರು. ಅರ್ಜೆಂಟು ಅಂತ ಡಾಕ್ಟರೇ ಬಂದು ಕೂಗಾಡಿದರೂ ಐದು ನಿಮಿಷ ಮೊದಲು ತೆಗೆಯುವವರಲ್ಲ. "ಬೇಯ್ಲಿ ಬುಡಿ ಸಾರ್," ಅನ್ನುವರು, ಅಷ್ಟೇ. ನಮ್ಮ ಸರ್ಜನ್, ನರ್ಸಿಂಗ್ ಹೋಮಿನ ಮಾಲೀಕರೂ ಆದ ಡಾಕ್ಟರ್ ಭಾನುಪ್ರಕಾಶ್, ಹೊರಗಿನವರು ಬಂದಾಗ ಇವರನ್ನು ಕರೆದು ತೋರಿಸುತ್ತಿದ್ದರು. ಹೋರಿ ತೋರಿಸಿದ ಹಾಗೆ.

ತೂತಿನ ಆಪರೇಷನ್ ಈಗ ಎಲ್ಲರಿಗೂ ಗೊತ್ತು. ಹೊಟ್ಟೆಯನ್ನು ಉದ್ದಕ್ಕೂ ಕೊಯ್ಯುವುದಿಲ್ಲ. ಹೊಕ್ಕಳ ಹತ್ತಿರ ಒಂದು, ಅಕ್ಕಪಕ್ಕ ಎರಡು ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಟಿವಿ ನೋಡಿಕೊಂಡು ಒಳಗಿನ ಕೆಲಸ ಮುಗಿಸುತ್ತಾರೆ. ಆದರೆ ಅದಕ್ಕೆ ಮೊದಲು ಹೊಟ್ಟೆಗೆ ಗಾಳಿ ತುಂಬಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹೊಟ್ಟೆ ಉಬ್ಬಿದರೆ ತಾನೇ ಒಳಗೆ ಕೈಯಾಡಿಸಲು ಜಾಗ? ಸೋಡಾಕ್ಕೆ ತುಂಬುವ ಅದೇ ಜಾತಿಯ ಗಾಳಿ. ಸಿಲಿಂಡರಿನಿಂದ ಒಂದು ಮೆಷಿನಿಗೆ, ಮೆಷಿನಿನಿಂದ ರಬ್ಬರಿನಂಥ ಪೈಪಿಗೆ, ಪೈಪಿನಿಂದ ಹೊಟ್ಟೆಗೆ. ಮೆಷಿನ್ ಮತ್ತು ಪೈಪಿನ ನಡುವೆ ಒಂದು ಫಿಲ್ಟರ್ ಸಿಕ್ಕಿಸುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಬಿಲ್ಲೆ, ಒಳಗೆ ಬಿಳಿ ಕಾಗದ.

ಪೈಪನ್ನು ಸಿದ್ದಯ್ಯಣ್ಣ ಪ್ರತಿ ಆಪರೇಷನ್ನಿಗೂ ಕುಕ್ಕರಿನಲ್ಲಿ ಬೇಯಿಸುತ್ತಿದ್ದರು. ಮೆಷಿನನ್ನು ಮಾತ್ರ ಒಣ ಬಟ್ಟೆಯಲ್ಲಿ ಹೊರಗಿನಿಂದ ಒರೆಸುವುದು, ಆಯುಧಪೂಜೆಯ ದಿನ ವಿಭೂತಿ ಕುಂಕುಮ ಇಡುವುದು, ಅಷ್ಟೇ. ಕರೆಂಟಿನ ಸಾಮಾನು, ನೀರು ತಾಗಬಾರದು. ಜೊತೆಗೆ ಒಳಗೆ ಹೋಗುವುದು ಬರೀ ಗಾಳಿ. "ಗಾಳೀಗ್ ಎಂಥಾ ಮೈಲಿಗೆ ಸಿಸ್ಟರ್?" ಅನ್ನುತ್ತಿದ್ದರು. ಇಡೀ ಲೋಕದಲ್ಲಿ ಅವರು ಅನುಮಾನಪಡದಿದ್ದ ವಸ್ತು ಅದೊಂದೇ.

ಮೂರು ವರ್ಷದ ಹಿಂದಿನ ಮಾತು. ಹೊಸ ಫಿಲ್ಟರುಗಳ ಡಬ್ಬಿ ಬಂತು. ಅದುವರೆಗೆ ಬರುತ್ತಿದ್ದ ಕಂಪನಿ ಬೇರೆ, ಇದು ಬೇರೆ. ಪ್ರತಿಯೊಂದರ ಕವರಿನ ಮೇಲೂ ಒಂದು ಗುರುತು: ಉಂಗುರದೊಳಗೆ ಇಂಗ್ಲಿಷಿನ ಎರಡು, ಅದರ ಮೇಲೆ ಅಡ್ಡ ಗೆರೆ. ಸಿದ್ದಯ್ಯಣ್ಣ ಏಳನೇ ಕ್ಲಾಸು ಓದಿದವರು. ಅಂಕಿ ಗೊತ್ತು, ಇಂಗ್ಲಿಷ್ ವಾಕ್ಯ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳದೆ ಮುಟ್ಟುವವರಲ್ಲ. ಕವರನ್ನು ಹಿಡಿದುಕೊಂಡು ಮ್ಯಾನೇಜರ್ ಕಿರಣ್‌ಕುಮಾರ್ ರೂಮಿಗೆ ಬಂದರು. ಕಿರಣ್‌ಕುಮಾರ್ ಡಾಕ್ಟರ ಅಕ್ಕನ ಮಗ. ಆಸ್ಪತ್ರೆಯ ಸಾಮಾನೆಲ್ಲ ಅವನ ಕೈಯಲ್ಲೇ.

"ಸಾರ್, ಇದ್ಯಾಕೆ ಎರಡು ಬರ್ದು ಮ್ಯಾಲ್ ಗೆರೆ ಹೊಡ್ದವ್ರೆ?"

ಕಿರಣ್‌ಕುಮಾರ್ ಫೋನಿನಿಂದ ಕಣ್ಣು ತೆಗೆಯದೆ ನಕ್ಕ. "ಎರಡಕ್ಕೆ ಗೆರೆ ಹೊಡೆದ್ರೆ ಏನರ್ಥ ಸಿದ್ದಯ್ಯ? ಎರಡೇ ಸಲ ಅನ್ನೋ ರೂಲ್ಸ್ ಇಲ್ಲ ಅಂತ. ಮೊದ್ಲು ಬರ್ತಿದ್ದಿದ್ದು ಒಂದ್ಸಲ ಹಾಕಿ ಎಸೀತಿದ್ರಿ, ಇದು ಹಂಗಲ್ಲ. ನೀಟಾಗಿ ತೊಳ್ದು ಎಷ್ಟ್ ಸಲ ಬೇಕಾದ್ರೂ ಹಾಕಿ. ತೊಳೆಯೋದ್ರಲ್ಲಿ ನಿಮ್ಮನ್ ಬಿಟ್ರೆ ಜಿಲ್ಲೇಲಿ ಇನ್ನೊಬ್ರಿಲ್ಲ."

ಸಿದ್ದಯ್ಯಣ್ಣನ ಮುಖ ಅರಳಿತು. ಹೊಗಳಿದರೆ ಕರಗಿಹೋಗುವ ಪ್ರಾಣಿ ಅದು. ನಾನೂ ಆ ರೂಮಿನಲ್ಲೇ ಇದ್ದೆ, ಯುಗಾದಿಗೆ ಮೂರು ದಿನ ರಜೆ ಬೇಕೆಂಬ ಅರ್ಜಿ ಹಿಡಿದುಕೊಂಡು. ಏನೂ ಮಾತಾಡಲಿಲ್ಲ. ಕಿರಣ್‌ಕುಮಾರ್ ಅರ್ಜಿಗೆ ಸೈನು ಹಾಕಿದ, ನಾನು ಊರಿಗೆ ಹೋಗಿ ಹೋಳಿಗೆ ತಿಂದೆ.

ಅವತ್ತಿನಿಂದ ಥಿಯೇಟರಿನ ಹಿಂದಿನ ಸಿಂಕಿನ ಮೇಲೆ, ಕಿಟಕಿಗೆ ಕಟ್ಟಿದ ತಂತಿಯಲ್ಲಿ, ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿದ ಒಂದು ಫಿಲ್ಟರ್ ಯಾವಾಗಲೂ ತೂಗುತ್ತಿತ್ತು. ಟ್ಯಾಂಕಿನ ನೀರಿನಲ್ಲಿ ಸೋಪಿನ ಪುಡಿ ಕದಡಿ, ಅದ್ದಿ, ಅಲುಗಾಡಿಸಿ, ಮೂರು ನೀರಿನಲ್ಲಿ ಜಾಲಿಸಿ, ಮೂಸಿ ನೋಡಿ ನೇತು ಹಾಕುವರು. ಮಗುವಿಗೆ ಎರೆದ ಹಾಗೆ. ನಾನು ದಿನಾ ಅದರ ಕೆಳಗೇ ಕೈ ತೊಳೆಯುತ್ತಿದ್ದೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗಾಯಗಳು ಬರತೊಡಗಿದವು. ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ, ಎಲ್ಲ ಚೆನ್ನಾಗಿದೆ ಅಂತ ಮನೆಗೆ ಹೋದವರು ತಿಂಗಳು ಒಂದೂವರೆ ತಿಂಗಳಾದ ಮೇಲೆ ವಾಪಸು. ಹೊಕ್ಕಳ ಹತ್ತಿರ ಗೋಲಿಯಷ್ಟು ಗಂಟು, ಆಮೇಲೆ ಅದು ಒಡೆದು ನೀರು ನೀರಾದ ಕೀವು. ಜ್ವರ ಇಲ್ಲ, ನೋವೂ ಹೆಚ್ಚಿಲ್ಲ, ಆದರೆ ನಿಲ್ಲುವುದೂ ಇಲ್ಲ. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಮಾಮೂಲಿ ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಜಗ್ಗಲಿಲ್ಲ. ಮೊದಲು ಒಬ್ಬರು, ಆಮೇಲೆ ಮೂವರು, ಸಂಕ್ರಾಂತಿಯ ಹೊತ್ತಿಗೆ ಆರು ಜನ. ಇಬ್ಬರು ನಮ್ಮ ಕುಣಿಗಲ್ ಕಡೆಯವರೇ.

ಅವರಲ್ಲಿ ಗುಬ್ಬಿ ಹತ್ತಿರದ ಹಳ್ಳಿಯ ಚೆನ್ನಮ್ಮ ಒಬ್ಬರು. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡಿದ್ದವರು. ಐವತ್ತು ದಾಟಿದ ಗಟ್ಟಿ ಹೆಂಗಸು, ತೆಂಗಿನ ತೋಟ, ಎರಡು ಹಸು, ರಾಗಿ ಹೊಲ. ಊರಿನ ಬಸವಣ್ಣನ ಗುಡಿಯಲ್ಲಿ ಸೋಮವಾರ ಸೋಮವಾರ ನಡೆಯುವ ಅನ್ನದಾಸೋಹಕ್ಕೆ ಹನ್ನೆರಡು ವರ್ಷದಿಂದ ಸೌಟು ಹಿಡಿದಿದ್ದವರು. ಇವರ ಕೈಯ ಅನ್ನ ಸಾರು ಅಂದರೆ ಪಕ್ಕದ ಊರಿನವರೂ ಬರುತ್ತಿದ್ದರಂತೆ. ಮಂಗಳವಾರ ಮಂಗಳವಾರ ಡ್ರೆಸ್ಸಿಂಗಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಮಡಿಕೆ ಮುರಿಯದ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ. ಸೀರೆಯೊಳಗೆ ಕೀವು ಸೋರಿ ನೆಂದ ಬಟ್ಟೆ.

ಡಾಕ್ಟರ್ ಭಾನುಪ್ರಕಾಶ್ ಗಾಯ ನೋಡಿ ಮೂಗು ಮುರಿದರು. ಅವರ ದನಿ ಯಾವತ್ತೂ ಏರುವುದಿಲ್ಲ.

"ಸ್ನಾನ ದಿನಾ ಮಾಡ್ತೀರೇನಮ್ಮ?"

"ಅಯ್ಯೋ, ಮಾಡ್ದೆ ಇರ್ತೀನಾ ಸೋಮಿ?"

"ಕೊಟ್ಟಿಗೆ ಕೆಲಸ ನೀವೇ ಮಾಡೋದಾ? ನೋಡಿ, ನಾವಿಲ್ಲಿ ಎಷ್ಟೇ ನೀಟಾಗಿ ಆಪರೇಷನ್ ಮಾಡಿದ್ರೂ ನೀವು ಮನೇಲಿ ಗಲೀಜಿದ್ರೆ ಹಿಂಗೇ ಆಗೋದು. ಕೈ ತೊಳೀದೆ ಮುಟ್ಕೋತೀರಿ. ಅದಕ್ಕೆ ನಾವೇನ್ ಮಾಡೋಕಾಗುತ್ತೆ?"

ಅವರು ಹೀಗೆ ಆರೂ ಜನಕ್ಕೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಬೇರೆ ಬೇರೆ ಊರಿನ ಆರು ಜನ ಮಾತಾಡಿಕೊಂಡವರ ಹಾಗೆ ಒಂದೇ ಥರ ಗಲೀಜಾಗಿದ್ದರು ಅಂತ ನಂಬಬೇಕು ನಾವು. ಥೂ!

ಅವತ್ತು ಡ್ರೆಸ್ಸಿಂಗ್ ಮುಗಿಸಿ ಚೆನ್ನಮ್ಮ ಬೆಂಚಿನಿಂದ ಎದ್ದಾಗ ಅಲ್ಲಿ ಒಂದು ಒದ್ದೆ ಕಲೆ ಉಳಿದಿತ್ತು. ಸಿದ್ದಯ್ಯಣ್ಣ ನೋಡಿದರು. ಮುಖ ಕಿವುಚಿತು. ಆ ಹೆಂಗಸು ಇನ್ನೂ ಚಪ್ಪಲಿ ಮೆಟ್ಟುತ್ತಿರುವಾಗಲೇ ಫಿನಾಯಿಲ್ ಬಕೆಟ್ ತಂದು, ಬೆಂಚಿನ ಮೇಲೆ ಸುರಿದು, ಬರಲಿನಿಂದ ಗಸಗಸ ಉಜ್ಜತೊಡಗಿದರು.

"ಅಮ್ಮಾ, ನೆಟ್ಟಗ್ ಮೈ ತೊಳ್ಕಳಿ," ಅಂದರು ಉಜ್ಜುತ್ತಲೇ. "ಸಗಣಿ ಕೈಲಿ ಹೊಕ್ಳು ಮುಟ್ಕಂಡ್ರೆ ಇನ್ನೇನಾಗ್ತದೆ? ನಾವ್ ಇಲ್ಲಿ ಎಷ್ಟಂತ ತೊಳೆಯಣ?"

ಚೆನ್ನಮ್ಮ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಬೆಂಚನ್ನೇ ನೋಡುತ್ತ ನಿಂತರು. ಕಾರಿಡಾರಿನಲ್ಲಿ ಕೂತಿದ್ದ ಜನರೆಲ್ಲ ನೋಡುತ್ತಿದ್ದರು. ಆಮೇಲಿನ ಮಂಗಳವಾರಗಳಲ್ಲಿ ಅವರು ಕೂರಲೇ ಇಲ್ಲ, ಗೋಡೆಗೆ ಬೆನ್ನು ಕೊಟ್ಟು ನಿಂತೇ ಡ್ರೆಸ್ಸಿಂಗ್ ಮಾಡಿಸಿಕೊಂಡು ಹೋಗುತ್ತಿದ್ದರು.

ಕೀವನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದು ಆಮೇಲೆ. ರಿಪೋರ್ಟು ಬರಲು ವಾರಗಳೇ ಹಿಡಿದವು. ನೀರಿನಲ್ಲಿ, ಟ್ಯಾಂಕಿನ ಪಾಚಿಯಲ್ಲಿ ಇರುವ ಒಂದು ಮೊಂಡು ಜಾತಿಯ ಕ್ರಿಮಿ. ಮಾಮೂಲಿ ಔಷಧಕ್ಕೆ ಸಾಯುವುದಿಲ್ಲ, ತಿಂಗಳುಗಟ್ಟಲೆ ಬೇರೆಯೇ ಮಾತ್ರೆ ನುಂಗಬೇಕು. ಡಾಕ್ಟರು ಮಾತ್ರೆ ಬರೆದರು. ಅಷ್ಟರಮಟ್ಟಿಗೆ ಸರಿ. ಆದರೆ ಮಾತು ಬದಲಾಗಲಿಲ್ಲ: "ನಿಮ್ಮ ಬಾವಿ ನೀರು ಸರಿಯಿಲ್ಲ."

ಅದೇ ತಿಂಗಳು ಗಾಳಿ ಮೆಷಿನ್ ಕಿರಿಕಿರಿ ಶುರುಮಾಡಿತು. ಸುಮ್ಮಸುಮ್ಮನೆ ಬೀಪ್ ಅನ್ನುವುದು, ಒತ್ತಡ ತಪ್ಪು ತೋರಿಸುವುದು. ಬೆಂಗಳೂರಿನಿಂದ ಚಂದ್ರು ಅನ್ನುವ ರಿಪೇರಿ ಎಂಜಿನಿಯರ್ ಬಂದ. ಬೆಳಗ್ಗೆ ಹತ್ತು ಗಂಟೆ. ಡಾಕ್ಟರು, ಕಿರಣ್‌ಕುಮಾರ್, ನಾನು, ಸಿದ್ದಯ್ಯಣ್ಣ ಸುತ್ತ ನಿಂತಿದ್ದೆವು. ಚಂದ್ರು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದವನೇ ತಲೆ ಹಿಂದಕ್ಕೆ ಎಳೆದುಕೊಂಡ. ನನಗೂ ವಾಸನೆ ಬಂತು. ಹೂದಾನಿಯ ನೀರು ವಾರಗಟ್ಟಲೆ ಹಾಗೇ ಬಿಟ್ಟರೆ ಬರುತ್ತದಲ್ಲ, ಅದರ ಜೊತೆಗೆ ಹಳೇ ರಕ್ತ ಸೇರಿದ ವಾಸನೆ.

ಒಳಗಿನ ಸಣ್ಣ ಕೊಳವೆಯನ್ನು ಚಂದ್ರು ಚಿಮಟದಿಂದ ಎಳೆದು ಬಿಳಿ ಬಟ್ಟೆಯ ಮೇಲೆ ಇಟ್ಟ. ಬೆಲ್ಲದ ಪಾಕ ಹತ್ತಿ ಒಣಗಿದ ಹಾಗೆ ಒಳಗೆಲ್ಲ ಕಂದು ಪದರ. ಅದರ ಮೇಲೆ ಲೋಳೆ. ಒಂದು ಕಡೆ ಹಸಿರು ಕೂದಲಿನಂಥದ್ದು ಬೆಳೆದಿತ್ತು. ಹದಿನಾರು ವರ್ಷದಲ್ಲಿ ಮೊದಲ ಸಲ ನನಗೆ ಬೆಳಗಿನ ಚಿತ್ರಾನ್ನ ಗಂಟಲಿಗೆ ಬಂತು.

"ಇದೇನ್ರೀ ಇದು? ಇದ್ರಲ್ಲಿ ಬರೀ ಗಾಳಿ ತಾನೇ ಹೋಗೋದು?" ಅಂದರು ಡಾಕ್ಟರು.

"ಹೋಗೋದಷ್ಟೇ ಅಲ್ಲ ಸರ್, ವಾಪಸ್ಸೂ ಬರುತ್ತೆ," ಅಂದ ಚಂದ್ರು. "ಪೇಷಂಟ್ ಕೆಮ್ಮಿದ್ರೆ, ಹೊಟ್ಟೆ ಬಿಗಿ ಮಾಡಿದ್ರೆ ಒಳಗಿನ ಪ್ರೆಶರ್ ಜಾಸ್ತಿ ಆಗುತ್ತೆ. ಪೈಪ್ ತೆಗೀದೆ ಮೆಷಿನ್ ಆಫ್ ಮಾಡಿದ್ರೂ ಅಷ್ಟೇ. ಹೊಟ್ಟೆಯಿಂದ ಗಾಳಿ, ರಕ್ತದ ನೀರು ಎಲ್ಲಾ ರಿವರ್ಸ್ ಬರುತ್ತೆ. ಅದಕ್ಕೇ ಮೆಷಿನ್ ಪೇಷಂಟ್‌ಗಿಂತ ಎತ್ತರದಲ್ಲಿ ಇಡಿ ಅಂತ ಹೇಳೋದು. ನೀವು ನೋಡಿದ್ರೆ ಕೆಳಗಿನ ಶೆಲ್ಫಲ್ಲಿ ಇಟ್ಟಿದೀರ. ಒಬ್ಬರ ಹೊಟ್ಟೇಲಿದ್ದಿದ್ದು ಇಲ್ಲಿ ಬಂದು ಕೂತ್ಕೊಳ್ಳುತ್ತೆ, ನಾಳೆ ಇನ್ನೊಬ್ಬರ ಹೊಟ್ಟೆಗೆ ಊದ್ತೀರಿ. ತಡೆಯೋಕೆ ಅಂತ್ಲೇ ಫಿಲ್ಟರ್ ಇರೋದು. ಎಲ್ಲಿ ನಿಮ್ಮ ಫಿಲ್ಟರ್?"

ಸಿದ್ದಯ್ಯಣ್ಣ ಓಡಿಹೋಗಿ ತಂತಿಯಿಂದ ಬಿಚ್ಚಿ ತಂದರು. ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಇನ್ನೂ ಒದ್ದೆಯಿತ್ತು. ಚಂದ್ರು ಅದನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿದ.

"ಸೋಪಿನ ವಾಸನೆ! ಯಾರ್ರೀ ಇದನ್ನ ತೊಳೆದಿದ್ದು?"

"ನಾನೇ ಸಾರ್," ಅಂದರು ಸಿದ್ದಯ್ಯಣ್ಣ. ಎದೆ ಸ್ವಲ್ಪ ಉಬ್ಬಿತ್ತು, ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. "ಪ್ರತಿ ಆಪ್ರೇಸನ್‌ಗೂ ತೊಳೀತೀನಿ. ಮೂರ್ ನೀರಲ್ಲಿ."

"ಅಣ್ಣಾ, ಇದು ತೊಳೆಯೋ ಸಾಮಾನಲ್ಲ," ಅಂದ ಚಂದ್ರು. "ಒಳಗಿನ ಕಾಗದಕ್ಕೆ ನೀರು ಹೀರದ ಗುಣ ಇರುತ್ತೆ. ಸೋಪು ಬಿದ್ರೆ ಹೋಯ್ತು, ಜರಡಿ ಆಗೋಗುತ್ತೆ. ಮೇಲಿಂದ ಒದ್ದೆ ಕಾಗದ, ಟ್ಯಾಂಕ್ ನೀರಿನ ಕ್ರಿಮಿ ಅದ್ರಲ್ಲಿ ಮನೆ ಕಟ್ಕೊಳ್ಳುತ್ತೆ. ನೀವು ಗಾಳಿ ಬಿಟ್ರೆ ಅದೂ ಹೊಟ್ಟೆಗೆ ಹೋಗುತ್ತೆ. ಒಂದು ಪೇಷಂಟ್‌ಗೆ ಒಂದು ಹಾಕಿ ಬಿಸಾಕ್ಬೇಕು. ಕವರ್ ಮೇಲೆ ಬರೆದಿದಾರಲ್ಲ, ಎರಡರ ಮೇಲೆ ಗೆರೆ? ಎರಡನೇ ಸಲ ಬೇಡ ಅಂತ ಅರ್ಥ."

ಸಿದ್ದಯ್ಯಣ್ಣ ಕಿರಣ್‌ಕುಮಾರನ ಮುಖ ನೋಡಿದರು. ಅವನು ಕಿಟಕಿಯ ಕಡೆ ತಿರುಗಿದ. ಆಮೇಲೆ ಅವರು ಬಿಳಿ ಬಟ್ಟೆಯ ಮೇಲಿದ್ದ ಕೊಳವೆಯನ್ನು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು.

"ಒಂದೇ ಬಕೆಟ್ಟು," ಅಂದರು. "ನೂರು ಹೊಟ್ಟೆ."

ಸಿಂಕಿನ ತನಕ ಹೋಗಲು ಆಗಲಿಲ್ಲ. ಅವರೇ ದಿನಾ ಒರೆಸುತ್ತಿದ್ದ ಥಿಯೇಟರಿನ ನೆಲದ ಮೇಲೆ ವಾಂತಿ ಮಾಡಿಕೊಂಡರು.

ಕೊಳವೆಯ ಹೊಲಸನ್ನೂ ಲ್ಯಾಬಿಗೆ ಕಳಿಸಬೇಕು ಅಂತ ಚಂದ್ರು ಹಟ ಹಿಡಿದ. ಅವನ ಕಂಪನಿಯ ನಿಯಮವಂತೆ, ಪುಣ್ಯಾತ್ಮ. ರಿಪೋರ್ಟು ಬಂತು, ಅದೇ ಕ್ರಿಮಿ. ಡಾಕ್ಟರು ನನ್ನನ್ನೂ ಸಿದ್ದಯ್ಯಣ್ಣನನ್ನೂ ರೂಮಿಗೆ ಕರೆದು ಬಾಗಿಲು ಹಾಕಿದರು. ಹೊಸ ಮೆಷಿನ್ ಬರುತ್ತದೆ, ಫಿಲ್ಟರ್ ಇನ್ನು ಮೇಲೆ ಒಂದಕ್ಕೆ ಒಂದು, ಹಳೆಯದನ್ನು ಎಲ್ಲರೂ ಮರೆತುಬಿಡಿ ಅಂದರು. ಅದೇ ತಣ್ಣನೆ ದನಿ, ನನ್ನ ಕಡೆ ನೋಡಿಕೊಂಡು.

"ತೊಳೆದಿದ್ದು ಸಿದ್ದಯ್ಯ. ಹೊರಗೆ ಗೊತ್ತಾದ್ರೆ ನಾನಲ್ಲ, ಅವನು ಹೋಗ್ತಾನೆ ಒಳಗೆ. ಇಷ್ಟ್ ವರ್ಷ ಇದ್ದೋನು ಅಂತ ಉಳಿಸ್ಕೊಂಡಿದೀನಿ. ಸುಮ್ನೆ ಕೆಲಸ ಮಾಡ್ಕೊಂಡಿರ್ಲಿ."

ನೋಡಿ, ಉಪಕಾರ ಮಾಡಿದ ಹಾಗೆ! ಸಿದ್ದಯ್ಯಣ್ಣ ತಲೆ ತಗ್ಗಿಸಿ ಹೊರಗೆ ಬಂದರು. ಅವತ್ತಿನಿಂದ ಕೈಗಳನ್ನು ತೊಳೆದೂ ತೊಳೆದೂ ಬೆರಳ ಸಂದು ಬಿರಿದು ರಕ್ತ ಬರುತ್ತಿತ್ತು.

ಮುಂದಿನ ಮಂಗಳವಾರ ಚೆನ್ನಮ್ಮ ಬಂದರು. ಗೋಡೆಗೆ ಒರಗಿ ನಿಂತರು. ನಾನು ಬ್ಯಾಂಡೇಜು ಬಿಚ್ಚುತ್ತಿದ್ದಾಗ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಬೆಂಚಿನದಲ್ಲ, ಅವರ ಮೈಯದು.

"ಸ್ನಾನದ್ ನೀರ್ಗೂ ಎರಡ್ ಮುಚ್ಚಳ ಹಾಕ್ಕೋತೀನಿ ಕಣವ್ವ," ಅಂದರು ಮೆಲ್ಲಗೆ. "ಉರೀತದೆ. ಆದ್ರೂವೆ ಗಲೀಜು ಹೋಗ್ಬೇಕಲ್ಲ? ಮನೇನೂ ದಿನಕ್ ಮೂರ್ ಸಲ ತೊಳೀತೀನಿ. ಗುಡೀಲಿ ಸೌಟು ಬೇರೇರಿಗೆ ಕೊಟ್ಬುಟ್ಟೆ. ಅವ್ರು ಕೇಳ್ಲಿಲ್ಲ, ನಾನೇ ಕೊಟ್ಟೆ. ಗಲೀಜು ಮೈ ಇಟ್ಕಂಡು ದೇವ್ರ ಅನ್ನ ಹೆಂಗ್ ಮುಟ್ಲಿ? ನನ್ ಜಲ್ಮದಲ್ಲಿ ಯಾರೂ ನಂಗೆ ಗಲೀಜು ಅಂದಿರ್ಲಿಲ್ಲ ಕಣವ್ವ."

ಸಿದ್ದಯ್ಯಣ್ಣ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡರು. ಸಾಯಂಕಾಲ ನಾನು ಬಸ್‌ಸ್ಟ್ಯಾಂಡಿಗೆ ಹೊರಟಾಗ ಗೇಟಿನ ಹತ್ತಿರ ಕಾಯುತ್ತಿದ್ದರು.

"ಭಾನ್ವಾರ ಗುಬ್ಬಿಗ್ ಹೋಗ್ಬೇಕು ಸಿಸ್ಟರ್. ಆಯಮ್ಮನ್ಗೆ ಹೇಳ್ಬುಡ್ಬೇಕು, ಆಯಮ್ಮಂದ್ ಏನೂ ತಪ್ಪಿಲ್ಲ ಅಂತವ. ನಂಗ್ ಒಬ್ನೇ ಹೋಗಾಕ್ ಕಾಲ್ ಬರ್ತಿಲ್ಲ."

"ಕೆಲಸ ಹೋಗುತ್ತೆ ಸಿದ್ದಯ್ಯಣ್ಣ. ಪೊಲೀಸ್ ಅಂತಾನೂ ಅಂದ್ರು."

"ಹೋಗ್ಲಿ ಬುಡಿ. ಇನ್ನ್ ಯಾವ್ ಮುಖ ಇಟ್ಕಂಡ್ ತೊಳೀಲಿ ನಾನು?"

ಶುಕ್ರವಾರ ನಾನು ಫೈಲಿನಿಂದ ಆ ಕೊಳವೆಯ ರಿಪೋರ್ಟು ತೆಗೆದು ಜೆರಾಕ್ಸ್ ಮಾಡಿಸಿಕೊಂಡೆ. ಅದನ್ನು ಧೈರ್ಯ ಅಂತ ಯಾರೂ ಅನ್ನಬೇಡಿ, ತಡವಾಗಿ ಮಾಡಿದ ಕೆಲಸಕ್ಕೆ ಆ ಹೆಸರಿಲ್ಲ.

ಗುಬ್ಬಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋದೆವು. ಚೆನ್ನಮ್ಮನವರ ಮನೆ ಊರ ಮುಂದೆಯೇ. ಕೆಂಪು ಸಿಮೆಂಟಿನ ಜಗುಲಿ, ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳೆಯುತ್ತಿತ್ತು. ಅಂಗಳದಲ್ಲಿ ಒಂದು ಕಡ್ಡಿ ಇಲ್ಲ. ಕೊಟ್ಟಿಗೆಯಿಂದಲೂ ಫಿನಾಯಿಲ್ ವಾಸನೆ ಬರುತ್ತಿತ್ತು. ಸಿದ್ದಯ್ಯಣ್ಣ ಸುತ್ತ ಕಣ್ಣಾಡಿಸಿ, ಜಗುಲಿಯ ಅಂಚಿನಲ್ಲಿ ಮುದುರಿ ಕೂತರು. ನಾನು ಪಕ್ಕದಲ್ಲಿ ಕೂತೆ.

ಚೆನ್ನಮ್ಮ ಗಾಬರಿಯಿಂದ ಹೊರಗೆ ಬಂದರು. ಆಸ್ಪತ್ರೆಯವರು ಮನೆಗೇ ಬಂದರೆ ಯಾರಿಗೆ ಗಾಬರಿಯಾಗುವುದಿಲ್ಲ? ಆದರೂ ಮೊದಲು ಒಳಗೆ ಹೋಗಿ ಬೆಲ್ಲ, ಎರಡು ಲೋಟ ನೀರು ತಂದಿಟ್ಟರು. ಸಿದ್ದಯ್ಯಣ್ಣನ ಲೋಟ ಚೀಲದಲ್ಲೇ ಇತ್ತು. ಅವರು ಚೀಲ ಮುಟ್ಟಲಿಲ್ಲ. ಆ ಮನೆಯ ಲೋಟ ತೆಗೆದುಕೊಂಡರು, ತುಟಿಗೆ ಹಚ್ಚಿ, ಕಚ್ಚಿ ಕುಡಿದರು, ಪೂರ್ತಿ.

ಆಮೇಲೆ ಹೇಳಿದರು. ಮೆಷಿನ್, ಗಾಳಿ, ಫಿಲ್ಟರು, ಸೋಪಿನ ಪುಡಿ, ಟ್ಯಾಂಕಿನ ನೀರು ಎಲ್ಲ. ಎಲ್ಲೂ ತಮ್ಮನ್ನು ಉಳಿಸಿಕೊಳ್ಳಲಿಲ್ಲ. "ಬ್ಯಾರೇರ ಹೊಟ್ಟೇದು ನಿಮ್ಮೊಟ್ಟೆಗೆ ಊದ್ಬುಟ್ವಿ ತಾಯಿ. ನಾನ್ ತೊಳ್ದಿದ್ ನೀರೇ ನಿಮ್ಗೆ ಮುಳುವಾಯ್ತು. ನಿಮ್ ಮೈಯಲ್ಲಿ ಗಲೀಜಿರ್ಲಿಲ್ಲ. ನಮ್ಮದು ಅದು." ನಾನು ಜೆರಾಕ್ಸ್ ಕೊಟ್ಟು, ಇದನ್ನು ಬೇರೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ, ದೂರು ಕೊಡುವುದಾದರೆ ಇದೇ ಸಾಕ್ಷಿ ಅಂದೆ.

ಚೆನ್ನಮ್ಮ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಹೇಸಿಗೆ. ಸೆರಗಿನ ಮೇಲಿಂದ ಹೊಟ್ಟೆ ಹಿಡಿದುಕೊಂಡು, ಪಕ್ಕಕ್ಕೆ ತಿರುಗಿ ಉಗಿದರು.

"ಅಲ್ಲಯ್ಯ," ಅಂದರು ಆಮೇಲೆ, "ನಿಂಗೆ ಆ ಎರಡ್ರ ಮ್ಯಾಲಿನ್ ಗೆರೆ ತಿಳೀಲಿಲ್ಲ, ಸರಿ. ಆ ಮ್ಯಾನೇಜ್ರು ಸುಳ್ ಹೇಳ್ದ. ಅಷ್ಟ್ ದೊಡ್ಡಾಸ್ಪತ್ರೇಲಿ ಅದ್ನ ಓದೋಕ್ ಬರೋರು ಇನ್ನೊಬ್ರು ಇರ್ಲಿಲ್ವಾ?"

ಸಿದ್ದಯ್ಯಣ್ಣನಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ನಂಗೆ ಬರ್ತಿತ್ತಮ್ಮ," ಅಂದೆ. "ನರ್ಸಿಂಗ್ ಸ್ಕೂಲಲ್ಲಿ ಮೊದಲ್ನೇ ವರ್ಷನೇ ಹೇಳ್ಕೊಟ್ಟಿದ್ರು. ಅವತ್ತು ನಾನೂ ಅಲ್ಲೇ ಇದ್ದೆ. ರಜಾ ಕೇಳೋಕ್ ಹೋಗಿದ್ದೆ. ಎದುರು ಮಾತಾಡಿದ್ರೆ ರಜಾ ಸಿಗಲ್ಲ ಅಂತ ಸುಮ್ನಿದ್ದೆ."

ಸಿದ್ದಯ್ಯಣ್ಣ ತಿರುಗಿ ನನ್ನನ್ನು ನೋಡಿದರು. ಕ್ಯಾಂಟೀನಿನ ಲೋಟ ನೋಡುವಾಗಿನ ಅದೇ ಮುಖ. ನನ್ನಿಂದ ಒಂದು ಗೇಣು ದೂರ ಸರಿದು ಕೂತರು.

"ಏಳಿ ಮ್ಯಾಲೆ, ಇಬ್ರೂವೆ," ಅಂದರು ಚೆನ್ನಮ್ಮ.

ಎದ್ದೆವು. ಅವರು ಒಳಗಿನಿಂದ ಬಕೆಟ್ಟು, ಬರಲು ತಂದರು. ನೀರಿಗೆ ಫಿನಾಯಿಲ್ ಸುರಿದರು. ಬಗ್ಗಲು ಗಾಯ ಎಳೆಯುತ್ತಿತ್ತು, ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದುಕೊಂಡೇ ಬಗ್ಗಿದರು. ಸಿದ್ದಯ್ಯಣ್ಣ ಬರಲು ಇಸಿದುಕೊಳ್ಳಲು ಕೈ ಚಾಚಿದರೆ, "ಮುಟ್ಬ್ಯಾಡ," ಅಂದರು.

ನಮ್ಮ ಕಣ್ಣೆದುರಿಗೇ ಸಿದ್ದಯ್ಯಣ್ಣ ಕೂತಿದ್ದ ಜಾಗವನ್ನು ಗಸಗಸ ಉಜ್ಜಿ ಒಂದು ಸಲ ತೊಳೆದರು. ನಾನು ಕೂತಿದ್ದ ಜಾಗವನ್ನು ಎರಡು ಸಲ.